ಕಂಸಾಳೆಯ ಹಾಡು ಮತ್ತು ಹಾಡುಗಾರನ ಹೆಸರು

ಹಳೆಯ ಮೈಸೂರು ಸೀಮೆಯ ಭಕ್ತರ ಮನೆಗಳಲ್ಲಿ ಮಲೆಯ ಮಾದಪ್ಪನ ಹಾಡನ್ನು ಕೇಳದವರು ವಿರಳ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಬೆಟ್ಟಗಳ ನಡುವೆ ನೆಲೆಸಿದ ಮಹದೇಶ್ವರರ ಮಹಿಮೆಯನ್ನು ಊರಿಂದೂರಿಗೆ ಮುಟ್ಟಿಸಿದವರು ಗ್ರಂಥಕರ್ತರಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಎಡಗೈಯಲ್ಲಿ ಬಟ್ಟಲಿನಂತಹ ತಾಳವನ್ನೂ ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳವನ್ನೂ ಹಿಡಿದು, ಮನೆಯ ಮುಂದೆ ನಿಂತು ಹಾಡಿ ಭಿಕ್ಷೆ ಸ್ವೀಕರಿಸುವುದು ಅವರ ವ್ರತ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ರಾತ್ರಿಯಿಡೀ ಹಾಡಿದರೂ ಮುಗಿಯದ ಮಹಾಕಾವ್ಯ ಅವರ ನಾಲಿಗೆಯ ಮೇಲಿದೆ.

ಈ ಹಾಡುಗಳು ಚಲನಚಿತ್ರವನ್ನೂ ಪ್ರವೇಶಿಸಿವೆ. 1996ರಲ್ಲಿ ತೆರೆಕಂಡ, ಟಿ. ಎಸ್. ನಾಗಾಭರಣ ಅವರ ನಿರ್ದೇಶನದ 'ಜನುಮದ ಜೋಡಿ' ಚಿತ್ರದಲ್ಲಿ ವಿ. ಮನೋಹರ್ ಅವರ ಸಂಗೀತದೊಡನೆ ಮೂಡಿಬಂದ ಕೋಲುಮಂಡೆ ಜಂಗಮದೇವನ ಹಾಡು ನಾಡಿನ ಮೂಲೆ ಮೂಲೆಗೂ ತಲುಪಿತು. ಅದನ್ನು ಹಾಡಿದ ಎಲ್. ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ದೊರೆಯಿತು. 2021ರಲ್ಲಿ ಬಂದ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಚೈತ್ರಾ ಜೆ. ಆಚಾರ್ ಅವರ ಕಂಠದಲ್ಲಿ ಸೋಜುಗದ ಸೂಜುಮಲ್ಲಿಗೆ ಮತ್ತೆ ಅರಳಿತು. ಮಂಗಳೂರಿನ ಪಾತಕಲೋಕದ ಕಥೆಯ ನಡುವೆ ಮಾದೇವನಿಗೆ ಹೂವೇರಿಸುವ ಹಾಡು ಬಂದುದನ್ನು ಕಂಡು ಕೆಲವು ಹಿರಿಯರು ಮುಖ ಸಿಂಡರಿಸಿದರೂ, ಮಾದಪ್ಪನ ಹೆಸರನ್ನೇ ಕೇಳದಿದ್ದ ಎಷ್ಟೋ ಯುವಕರ ಬಾಯಲ್ಲಿ ಆ ಹಾಡು ನೆಲೆಸಿತೆಂಬುದನ್ನು ಮರೆಯಲಾಗದು.

ಆ ಗಾಯಕರ ಪ್ರತಿಭೆಯ ಬಗೆಗೆ ನಮ್ಮ ತಕರಾರಿಲ್ಲ. ನಾವು ಕೇಳುವ ಪ್ರಶ್ನೆ ಬೇರೆ. ಹಾಡು ಊರ ಜಗಲಿಯಿಂದ ಬೆಳ್ಳಿತೆರೆಗೆ ಹೋಗುವಾಗ ಅದನ್ನು ತಲೆತಲಾಂತರದಿಂದ ಕಾಪಾಡಿದವನ ಹೆಸರು ಎಲ್ಲಿ ಉಳಿಯುತ್ತದೆ? ಇಂತಹ ಹಾಡುಗಳಿಗೆ 'ಸಾಹಿತ್ಯ: ಜಾನಪದ' ಎಂಬ ಎರಡು ಪದಗಳನ್ನು ಬರೆದು ಕೈತೊಳೆದುಕೊಳ್ಳುವುದು ವಾಡಿಕೆ. ಯಾರೋ ಒಬ್ಬರು ಹಾಡಿ ತೋರಿಸದೆ ಆ ಧಾಟಿ ಸಂಗೀತಗಾರನ ಕಿವಿಗೆ ಬೀಳಲಾರದು. ಆ ಒಬ್ಬರಿಗೆ ಹೆಸರಿದೆ, ಊರಿದೆ, ಸಂಸಾರವಿದೆ.

ಹೆಸರು ಹೇಳುವುದು ಅಸಾಧ್ಯವೇನಲ್ಲ. ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ ಮಹದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾದೆಮಿ 2001ರಲ್ಲಿ ಹೊರತಂದಾಗ, ಅದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವೆಂದು ಗೌರವದಿಂದ ನಮೂದಿಸಿತು. ಚಿತ್ರರಂಗದಲ್ಲಿಯೂ ನಿದರ್ಶನವುಂಟು. ಕೇರಳದ ಅಟ್ಟಪ್ಪಾಡಿಯ ಇರುಳ ಸಮುದಾಯದ ತಾಯಿ ನಂಜಿಯಮ್ಮ ಅವರಿಂದಲೇ 2020ರ 'ಅಯ್ಯಪ್ಪನುಂ ಕೋಶಿಯುಂ' ಚಿತ್ರದಲ್ಲಿ ಅವರ ನುಡಿಯ ಹಾಡನ್ನು ನಿರ್ದೇಶಕ ಸಚ್ಚಿ ಹಾಡಿಸಿದರು. ದನ, ಆಡು ಮೇಯಿಸಿಕೊಂಡಿದ್ದ ಆಕೆಗೆ 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕಿಯ ಗೌರವ ಸಂದಿತು. 2022ರ ಸೆಪ್ಟೆಂಬರ್ 30ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಪ್ರದಾನ ಮಾಡಿದರು. ಸಂಗೀತಶಾಸ್ತ್ರ ಕಲಿಯದವರಿಗೆ ಇಂತಹ ಪ್ರಶಸ್ತಿಯೇ ಎಂಬ ಆಕ್ಷೇಪವೂ ಕೇಳಿಬಂದಿತು. ಮಡಿವಾಳ, ಅಂಬಿಗ, ಸಮಗಾರರ ಅನುಭಾವಕ್ಕೆ ಮಹಾಮನೆಯಲ್ಲಿ ಪೀಠವಿತ್ತ ಬಸವಣ್ಣನವರ ಪರಂಪರೆಯವರಿಗೆ ಈ ಆಕ್ಷೇಪದ ಟೊಳ್ಳುತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಚಿತ್ರರಂಗದವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ದೇವರಗುಡ್ಡರು ಬಾಗಿಲಿಗೆ ಬಂದಾಗ ಒಂದು ಹಿಡಿ ಅಕ್ಕಿ ಹಾಕಿ, ಹಾಡು ಮುಗಿಯುವ ಮುನ್ನವೇ ಕದವಿಕ್ಕುತ್ತೇವೆ. ಅದೇ ಹಾಡು ಚಿತ್ರದಲ್ಲಿ ಬಂದರೆ ಮದುವೆಯ ಮನೆಯಲ್ಲಿ ಧ್ವನಿವರ್ಧಕ ಹಚ್ಚಿ ಕುಣಿಯುತ್ತೇವೆ. ಐದು ನಿಮಿಷದ ಚಿತ್ರಗೀತೆ ಉಳಿದು, ರಾತ್ರಿಯಿಡೀ ಹಾಡುವ ಸಾಲು ಅಳಿದರೆ ನಷ್ಟ ಯಾರಿಗೆ? ತಂದೆಯ ಹಾಡಿಗೆ ಊರಿನಲ್ಲಿ ಬೆಲೆಯಿಲ್ಲವೆಂದು ಕಂಡ ಮಗ ಕಂಸಾಳೆಯನ್ನು ಗೂಟಕ್ಕೆ ತಗುಲಿಹಾಕಿ ನಗರದ ದಾರಿ ಹಿಡಿದರೆ ಅವನನ್ನು ದೂರಬಹುದೇ?

ಆದುದರಿಂದ ನಮ್ಮ ಓದುಗ ಕುಟುಂಬಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯ ಶುಭಕಾರ್ಯದಲ್ಲಿ, ಮಠದ ಜಾತ್ರೆಯಲ್ಲಿ ಒಂದು ಸಾಲನ್ನಾದರೂ ಪೂರ್ತಿಯಾಗಿ ಹಾಡಿಸಿರಿ. ಭಿಕ್ಷೆಯೆಂದಲ್ಲ, ದಾಸೋಹವೆಂದು ತಕ್ಕ ಸಂಭಾವನೆ ಸಲ್ಲಿಸಿರಿ. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನೊಡನೆ ಹಾಡುವವರ ಹೆಸರು, ಊರು, ಗುರುವಿನ ಹೆಸರನ್ನೂ ಅಚ್ಚು ಹಾಕಿಸಿರಿ. ಚಿತ್ರಗೀತೆಯನ್ನು ಗುನುಗುವ ಮಕ್ಕಳನ್ನು ಗದರಿಸದೆ, ಹತ್ತಿರ ಕೂರಿಸಿಕೊಂಡು ಆ ಹಾಡಿನ ಹಿಂದಿನ ಕಥೆ ಹೇಳಿರಿ.

ಜಂಗಮನಿಗೆ ಅನ್ನವಿಕ್ಕುವುದು ನಮ್ಮ ಮನೆತನಗಳ ಆಚಾರ. ಜಂಗಮನ ಮಹಿಮೆಯನ್ನು ಹಾಡುವವನನ್ನು ಹೆಸರು ಹಿಡಿದು ಬರಮಾಡಿಕೊಳ್ಳುವುದೂ ಆ ಆಚಾರದೊಳಗೆ ಸೇರಲಿ.