ಬಿದ್ದರೆ ಕಾಲು ಮೇಲೆ!

ಮಕ್ಕಳೇ, ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡಬೇಕು. ಎದುರಾಳಿಗಳು ಹಿಡಿದು ಕೆಡವುತ್ತಾರೆ. ತಂಡದ ಆಟ ನಡೆಸುವವನೇ ಕ್ವಾರ್ಟರ್‌ಬ್ಯಾಕ್.

ಫ್ರಿಟ್ಜ್ ಪೊಲಾರ್ಡ್ 1894ರಲ್ಲಿ ಶಿಕಾಗೋದಲ್ಲಿ ಹುಟ್ಟಿದವರು. ಆಳು ಸಣ್ಣ, ಓಟ ಮಿಂಚು. 1920ರಲ್ಲಿ ಅವರಿದ್ದ ಆಕ್ರನ್ ತಂಡ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಿತು. ಆದರೂ ಕಪ್ಪು ಮೈಬಣ್ಣ ಕಂಡು ಜನ ಬೈಯುತ್ತಿದ್ದರು. ಆಟದ ಉಡುಪು ತೊಡಲು ಅವರು ಮಾಲೀಕರೊಬ್ಬರ ಚುಟ್ಟದ ಕಾರ್ಖಾನೆಗೆ ಹೋಗಬೇಕಿತ್ತು.

ಕೆಳಗೆ ಬಿದ್ದರೆ ಎದುರಾಳಿಗಳು ಬೇಕೆಂದೇ ಮೇಲೆ ಬೀಳುತ್ತಿದ್ದರು. ಪೊಲಾರ್ಡ್ ಒಂದು ಉಪಾಯ ಕಂಡುಕೊಂಡರು. ಬಿದ್ದ ಕೂಡಲೇ ಅಂಗಾತ ಹೊರಳಿ, ಮೊಳೆಬೂಟಿನ ಕಾಲುಗಳನ್ನು ಮೇಲೆತ್ತುವುದು! ಇನ್ನು ಹಾರುವ ಧೈರ್ಯ ಯಾರಿಗೆ?

1921ರಲ್ಲಿ ಅದೇ ತಂಡದ ಕೋಚ್ ಆದರು. 1923ರಲ್ಲಿ ಹ್ಯಾಮಂಡ್ ತಂಡದ ಕ್ವಾರ್ಟರ್‌ಬ್ಯಾಕ್. ಆ ಲೀಗಿನಲ್ಲಿ ಎರಡೂ ಸ್ಥಾನಕ್ಕೇರಿದ ಮೊದಲ ಕಪ್ಪುವರ್ಣೀಯ ಅವರೇ.

ಆದರೆ 1934ರಿಂದ 1945ರವರೆಗೆ ಆ ಲೀಗಿನಲ್ಲಿ ಒಬ್ಬ ಕಪ್ಪು ಆಟಗಾರನಿಗೂ ಜಾಗವಿರಲಿಲ್ಲ. ಪೊಲಾರ್ಡ್ ಕೈಕಟ್ಟಿ ಕೂರಲಿಲ್ಲ. ಕಪ್ಪು ಆಟಗಾರರದ್ದೇ ತಂಡಗಳನ್ನು ಆಡಿಸಿದರು.

1986ರಲ್ಲಿ ಅವರು ತೀರಿಕೊಂಡರು. ಫುಟ್‌ಬಾಲ್ ಗೌರವ ಭವನದಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ. ನೋಡಲು ಅವರಿರಲಿಲ್ಲ.

ನಿಮ್ಮ ಆಟದ ಬಯಲಿನ ಅಂಚಿನಲ್ಲಿ ಯಾರಾದರೂ ಸುಮ್ಮನೆ ನಿಂತಿದ್ದಾರೆಯೇ? ಇವತ್ತೇ ಕರೆಯಿರಿ, ಮಕ್ಕಳೇ.