ಕೃಪೆಗೆ ಪಂಕ್ತಿಭೇದವಿದೆಯೆ?

ಕ್ರೈಸ್ತ ಮತದ ಬಗ್ಗೆ ಹೊರಗಿನವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದು: ನಂಬಿಬಿಟ್ಟರೆ ಸಾಕೆ, ನಡತೆ ಹೇಗಿದ್ದರೂ ನಡೆಯುತ್ತದೆಯೆ? ಒಳಗಿನವರೂ ಇದೇ ಪ್ರಶ್ನೆಯ ಸುತ್ತ ಶತಮಾನಗಟ್ಟಲೆ ಜಗಳವಾಡಿದ್ದಾರೆ. ರಕ್ಷಣೆ ಕೃಪೆಯಿಂದಲೇ, ನಂಬಿಕೆಯೊಂದೇ ಸಾಕು ಎಂದು ಒಂದು ಬಣ. ಕೃಪೆಯ ಜೊತೆಗೆ ಸತ್ಕ್ರಿಯೆಯೂ ಬೇಕೆಂದು ಇನ್ನೊಂದು. ಇಬ್ಬರೂ ಸಾಕ್ಷಿಗೆ ಕರೆಯುವುದು ಮೊದಲ ಶತಮಾನದ ಅಪೊಸ್ತಲ ಪೌಲನನ್ನೇ. ಆದರೆ ಅವನ ಪತ್ರಗಳನ್ನು ಅವು ಹುಟ್ಟಿದ ಜಗಳಗಳ ನಡುವೆ ಇಟ್ಟು ಓದಿದರೆ, ಅವನ ನಿದ್ದೆಗೆಡಿಸಿದ ಪ್ರಶ್ನೆ ಬೇರೆಯದೇ ಇತ್ತೆನ್ನಬೇಕಾಗುತ್ತದೆ. ಇಸ್ರಾಯೇಲಿನ ದೇವರ ಮನೆಯೊಳಗೆ ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಅನ್ಯಜನರಾಗಿಯೇ ಬರಬಹುದೆ, ಅಥವಾ ಮೊದಲು ಯೆಹೂದ್ಯರಾಗಿ ಬರಬೇಕೆ?

ಆ ಕಾಲದಲ್ಲಿ ಇದು ತತ್ವಚರ್ಚೆಯಷ್ಟೇ ಆಗಿರಲಿಲ್ಲ, ಕಲ್ಲಿನಲ್ಲಿ ಕೊರೆದಿಟ್ಟ ಸಂಗತಿ. ಯೆರೂಸಲೇಮಿನ ದೇವಾಲಯದ ಹೊರಪ್ರಾಕಾರದವರೆಗೆ ಯಾರು ಬೇಕಾದರೂ ಬರಬಹುದಿತ್ತು. ಒಳಗಿನ ಅಡ್ಡಗೋಡೆಯನ್ನು ದಾಟಿದ ಪರಕೀಯನಿಗೆ ಮರಣ ತಪ್ಪದೆಂದು ಗ್ರೀಕಿನಲ್ಲಿ ಎಚ್ಚರಿಕೆ ಬರೆಸಿದ್ದರು. ಅಂಥ ಒಂದು ಶಾಸನ 1871ರಲ್ಲಿ ಸಿಕ್ಕಿ ಈಗ ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಪೌಲನನ್ನು ಕೊನೆಗೆ ಬಂಧಿಸಿದ್ದೂ ಎಫೆಸದ ತ್ರೊಫಿಮನೆಂಬ ಅನ್ಯಜನನನ್ನು ಆ ಗೆರೆ ದಾಟಿಸಿದನೆಂಬ ಗುಲ್ಲು ಎದ್ದಾಗ.

ಆದರೆ ವಿವಾದ ಮುಟ್ಟಬೇಕಾದಲ್ಲಿ ಮುಟ್ಟಿದ್ದು ಸಿರಿಯಾದ ಅಂತಿಯೋಕ್ಯದಲ್ಲಿ, ಅದೂ ಊಟದ ಪಂಕ್ತಿಯಲ್ಲಿ. ಅಲ್ಲಿ ಯೇಸುವನ್ನು ನಂಬಿದ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರೊಡನೆ ಕೂತಿದ್ದ. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಮುಖ್ಯಸ್ಥ ಯಾಕೋಬನ ಕಡೆಯವರು ಬಂದದ್ದೇ ತಡ, ಅವನು ಮೆಲ್ಲಗೆ ಹಿಂದೆ ಸರಿದ. ಉಳಿದ ಯೆಹೂದ್ಯರೂ ಅವನನ್ನು ಹಿಂಬಾಲಿಸಿದರು, ಕೊನೆಗೆ ಪೌಲನ ಆಪ್ತ ಬಾರ್ನಬನೂ. ಯಾರೂ ಸಿದ್ಧಾಂತ ಬದಲಿಸಿರಲಿಲ್ಲ, ಅನ್ಯಜನರಿಗೆ ರಕ್ಷಣೆ ಇಲ್ಲವೆಂದೂ ಹೇಳಿರಲಿಲ್ಲ. ಎಲೆ ಮಾತ್ರ ಬೇರೆಯಾಯಿತು. ಪೌಲ ಎಲ್ಲರೆದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಪ್ರಸಂಗವನ್ನು ಹೇಳಿದ ಬೆನ್ನಿಗೇ, ಮನುಷ್ಯನು ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂಬ ಪ್ರಸಿದ್ಧ ಮಾತು ಬರುತ್ತದೆ. ಇದು ಆಕಸ್ಮಿಕವಲ್ಲ. ಆ ಮಾತಿನ ಮೊದಲ ಅರ್ಥವೇ ಪಂಕ್ತಿಗೆ ಸಂಬಂಧಿಸಿದ್ದು. ಸುನ್ನತಿ, ಆಹಾರ ನಿಯಮ, ಸಬ್ಬತ್ತು ಒಂದು ಜನಾಂಗದ ಗುರುತುಗಳು. ಅವನ್ನು ದೇವರ ಬಾಗಿಲಿನ ಬೀಗ ಮಾಡಬೇಡಿ ಎಂಬುದು ಅವನ ವಾದ. ಆ ಜಗಳದಲ್ಲಿ ಗೆದ್ದವರು ಯಾರೆಂದು ಪೌಲ ಹೇಳುವುದಿಲ್ಲ. ಗೆದ್ದಿದ್ದರೆ ಹೇಳದೆ ಬಿಡುವ ಆಸಾಮಿ ಅವನಲ್ಲ.

ಅಬ್ರಹಾಮನ ಕಥೆಯನ್ನು ಅವನು ಬಳಸಿಕೊಳ್ಳುವ ಜಾಣ್ಮೆ ನೋಡಿ. ಆದಿಕಾಂಡದಲ್ಲಿ ಅಬ್ರಹಾಮ ನಂಬಿದ್ದು, ಆ ನಂಬಿಕೆ ನೀತಿಯೆಂದು ಎಣಿಕೆಯಾದದ್ದು 15ನೆಯ ಅಧ್ಯಾಯದಲ್ಲಿ. ಸುನ್ನತಿಯ ಆಜ್ಞೆ ಬರುವುದು 17ರಲ್ಲಿ. ಅಂದರೆ ದೇವರು ಅವನನ್ನು ಒಪ್ಪಿಕೊಂಡ ಹೊತ್ತಿಗೆ ಯೆಹೂದ್ಯರ ಮೂಲಪುರುಷನೇ ಸುನ್ನತಿಯಿಲ್ಲದವನು! ಎದುರಾಳಿಯ ಗ್ರಂಥವನ್ನು ಅಲ್ಲಗಳೆಯದೆ, ಅದರ ಅಧ್ಯಾಯಕ್ರಮದಿಂದಲೇ ವಾದ ಕಟ್ಟುವ ಈ ಪಟ್ಟು ಅಪ್ಪಟ ಯೆಹೂದ್ಯ ಪಂಡಿತನದು. ಗುರುತಿನ ಮೇಲೆ ಅವನಿಗೆ ದ್ವೇಷವೂ ಇರಲಿಲ್ಲ. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಲು ಅವನು ಒಪ್ಪಲಿಲ್ಲ. ಯೆಹೂದ್ಯ ತಾಯಿಯ ಮಗ ತಿಮೊಥೆಯನಿಗೆ ಅವನೇ ಮಾಡಿಸಿದನೆಂದು ಅಪೊಸ್ತಲರ ಕೃತ್ಯಗಳು ಎಂಬ ಬೈಬಲ್ ಪುಸ್ತಕ ಹೇಳುತ್ತದೆ.

ಹಾಗಾದರೆ ಯೆಹೂದ್ಯ ಧರ್ಮವೆಂದರೆ ಪುಣ್ಯದ ಲೆಕ್ಕ ಇಟ್ಟು ಸ್ವರ್ಗ ಸಂಪಾದಿಸುವ ವ್ಯವಹಾರ, ಕ್ರೈಸ್ತ ಧರ್ಮವೆಂದರೆ ಕೃಪೆ ಎಂಬ ಪ್ರವಚನ ಎಲ್ಲಿಂದ ಬಂತು? ಬಹುಮಟ್ಟಿಗೆ 16ನೆಯ ಶತಮಾನದ ಜರ್ಮನಿಯಿಂದ. ತನ್ನ ಕಾಲದ ಪಾಪಕ್ಷಮಾಪಣಾ ಪತ್ರಗಳ ಮಾರಾಟವನ್ನು ಎದುರಿಸಿ ನಿಂತ ಮಾರ್ಟಿನ್ ಲೂಥರ್, ಪೌಲನ ಎದುರಾಳಿಗಳಲ್ಲಿ ತನ್ನ ಎದುರಾಳಿಗಳನ್ನೇ ಕಂಡರು. ನೊಂದ ಅಂತಃಸಾಕ್ಷಿಯ ಈ ಪೌಲ ಪಶ್ಚಿಮದ ಸೃಷ್ಟಿಯೆಂದು ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ 1963ರ ಲೇಖನದಲ್ಲಿ ವಾದಿಸಿದರು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪ್ರಾಚೀನ ಯೆಹೂದ್ಯ ಬರಹಗಳನ್ನು ಜಾಲಾಡಿ, ಅಲ್ಲಿಯೂ ಮೊದಲಿಗೆ ಬರುವುದು ದೇವರ ಆಯ್ಕೆ, ಆಮೇಲೆ ಆಜ್ಞೆಗಳ ಪಾಲನೆ ಎಂದು ತೋರಿಸಿದರು. ಬೈಬಲ್ಲಿನ ಕಥೆಯ ಕ್ರಮವೂ ಅದೇ. ಮೊದಲು ಐಗುಪ್ತದ ದಾಸ್ಯದಿಂದ ಬಿಡುಗಡೆ, ಆಮೇಲೆ ಸೀನಾಯಿಯ ಆಜ್ಞೆಗಳು.

ಆದರೂ ಲೂಥರ್ ಓದಿದ್ದೆಲ್ಲ ತಪ್ಪೆಂದು ತಳ್ಳಿಹಾಕುವ ಹೊಸ ಉತ್ಸಾಹಕ್ಕೆ ನನ್ನ ಸಹಮತವಿಲ್ಲ. ದುಡಿದವನಿಗೆ ಸಿಗುವುದು ಕೂಲಿ, ಅದು ದಾನವಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲ ವಾದಿಸುವಾಗ, ಅದು ಬರೇ ಪಂಕ್ತಿಯ ಮಾತಲ್ಲ. ಯೆಹೂದ್ಯನಾಗಲಿ ಗ್ರೀಕನಾಗಲಿ ಪಾಪದ ಕೈಕೆಳಗೇ ಇದ್ದಾನೆ ಎಂದು ಅದಕ್ಕೂ ಮೊದಲೇ ಅವನು ತೀರ್ಮಾನಿಸಿದ್ದ. ಇಬ್ಬರೂ ಸಾಲಗಾರರಾದ ಮೇಲೆ ಒಬ್ಬನಿಗೆ ಇನ್ನೊಬ್ಬನನ್ನು ಹೊಸ್ತಿಲಲ್ಲಿ ತಡೆಯಲು ಹಕ್ಕೆಲ್ಲಿದೆ? ಹೀಗೆ ವ್ಯಕ್ತಿಯ ಪ್ರಶ್ನೆ ಸಮುದಾಯದ ಪ್ರಶ್ನೆಯ ಬುಡದಲ್ಲೇ ಇದೆ. ತಪ್ಪಾದದ್ದು ಬುಡವನ್ನು ಹಿಡಿದುಕೊಂಡು ಮರವನ್ನು ಮರೆತದ್ದರಲ್ಲಿ. ಇನ್ನು ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರವನ್ನು ಲೂಥರ್ ಹುಲ್ಲಿನ ಪತ್ರವೆಂದು ಕರೆದರು. ಅದು ಆತುರದ ಮಾತು. ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯನ್ನೇ ಪೌಲನೂ ಎಣಿಕೆಗೆ ಹಿಡಿದದ್ದು.

ಈ ವಿಚಾರದ ತಿರುಳಿರುವುದು ರೋಮಾಪುರದ ಪತ್ರದ 9ರಿಂದ 11ನೆಯ ಅಧ್ಯಾಯಗಳಲ್ಲಿ. ಅದರ ಹಿನ್ನೆಲೆ ಹೀಗೆ: ರೋಮಿನ ಚಕ್ರವರ್ತಿ ಕ್ಲೌದ್ಯ ಸುಮಾರು ಕ್ರಿ.ಶ. 49ರಲ್ಲಿ ಯೆಹೂದ್ಯರನ್ನು ರೋಮಿನಿಂದ ಹೊರಗಟ್ಟಿದ. ಅವನ ಮರಣದ ನಂತರ ಅವರು ಮರಳುವಷ್ಟರಲ್ಲಿ ಅಲ್ಲಿನ ಸಭೆಗಳು ಅನ್ಯಜನರ ಕೈಸೇರಿದ್ದವು ಎಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಈಗ ಹೊರಗಿನವರೇ ಒಳಗಿನವರಾಗಿದ್ದರು, ತಾತ್ಸಾರವೂ ತಿರುಗಿತ್ತು. ಪೌಲ ಗದರಿದ್ದು ಇವರನ್ನು: ನೀವು ಊರ ಎಣ್ಣೆಮರಕ್ಕೆ ಕಸಿ ಕಟ್ಟಿದ ಕಾಡುಕೊಂಬೆಗಳು, ಬೇರನ್ನು ಹೊತ್ತವರು ನೀವಲ್ಲ, ಸೊಕ್ಕಬೇಡಿ. ದೇವರು ತನ್ನ ಜನರನ್ನು ಕೈಬಿಟ್ಟಿಲ್ಲವೆಂದೂ ಖಂಡಿತವಾಗಿ ಹೇಳಿದ. ಅಂತಿಯೋಕ್ಯದಲ್ಲಿ ಅನ್ಯಜನರ ಪರ ನಿಂತವನು ಇಲ್ಲಿ ಯೆಹೂದ್ಯರ ಪರ ನಿಂತಿದ್ದಾನೆ. ಇದರಲ್ಲಿ ನನಗೆ ವಿರೋಧ ಕಾಣುವುದಿಲ್ಲ, ತತ್ವ ಒಂದೇ. ಸುನ್ನತಿಯಂತೆ ನಂಬಿಕೆಯೂ ಜಂಬದ ಗುರುತಾದರೆ ಅದು ಇನ್ನೊಂದು ಬೀಗ.

ಚರ್ಚು ಈ ಅಧ್ಯಾಯಗಳನ್ನು ಓದಿಯೂ ಓದದಂತೆ ನಡೆದುಕೊಂಡಿತು. ಕೃಪೆಯ ಮಹಾ ಬೋಧಕ ಲೂಥರ್ 1543ರಲ್ಲಿ ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು ಬರೆದರು. ಕಥೋಲಿಕ ಚರ್ಚು ಎಣ್ಣೆಮರದ ಆ ಮಾತನ್ನು ಎತ್ತಿಕೊಂಡು, ಯೆಹೂದ್ಯರು ದೇವರಿಂದ ತಿರಸ್ಕೃತರೆಂದು ಬೋಧಿಸಬಾರದೆಂದು ಸಾರಿದ್ದು 1965ರಲ್ಲಿ, ಯೂರೋಪಿನ ಅರವತ್ತು ಲಕ್ಷ ಯೆಹೂದ್ಯರ ಕೊಲೆಯಾದ ಮೇಲೆ.

ನಮ್ಮ ಕಡೆಗೂ ಈ ಪ್ರಶ್ನೆ ಬಂದಿತ್ತು, ಜಾತಿಯ ರೂಪದಲ್ಲಿ. ಪ್ರಭುಭೋಜನಕ್ಕೆ, ಅಂದರೆ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ, ಜಾತಿವಾರು ಬರುವುದು ನಿಲ್ಲಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆಜ್ಞಾಪಿಸಿದಾಗ, ತಂಜಾವೂರಿನ ಅನೇಕ ವೆಳ್ಳಾಳ ಕ್ರೈಸ್ತರು ಚರ್ಚನ್ನೇ ತೊರೆದರು. ಮರುವರ್ಷ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿ ಬಿಡದೆ ದೀಕ್ಷಾಸ್ನಾನವಿಲ್ಲ ಎಂಬ ಪಕ್ಷ ಹಿಡಿಯಿತು. ತಮಿಳುನಾಡಿನ ಲೈಪ್ಜಿಗ್ ಮಿಷನ್ ಜಾತಿಯ ವಿಷಯದಲ್ಲಿ ಸಡಿಲವಾಗಿತ್ತು. ಎರಡೂ ಜರ್ಮನ್ ಭಾಷಿಕ ಪ್ರೊಟೆಸ್ಟೆಂಟ್ ಸಂಸ್ಥೆಗಳು, ಎರಡೂ ಕೃಪೆಯನ್ನೇ ಬೋಧಿಸಿದವು. ಪೌಲನನ್ನು ಸರಿಯಾಗಿ ಓದಿದ್ದು ಬಾಸೆಲ್ಲಿನವರು.

ನಂಬಿಕೆ ಮತ್ತು ಕ್ರಿಯೆಯ ಹಳೆಯ ವ್ಯಾಜ್ಯ ಕಾಗದದ ಮೇಲಂತೂ ಬಹುಪಾಲು ತೀರಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ, ರಕ್ಷಣೆ ಕೃಪೆಯಿಂದಲೇ, ಸತ್ಕ್ರಿಯೆ ಅದರ ಫಲ ಎಂಬ ಜಂಟಿ ಹೇಳಿಕೆಗೆ ಸಹಿ ಹಾಕಿದರು. ಆದರೂ ಈ ಎರಡು ಚರ್ಚುಗಳ ನಡುವೆ ಪ್ರಭುಭೋಜನದ ಪಂಕ್ತಿ ಇವತ್ತಿಗೂ ಒಂದಾಗಿಲ್ಲ.