ಸಾರಿನಾಗ ಗುಳಿಗಿ ಹಾಕೂಕಿಂತ ಮೊದ್ಲು

ಗಂಗಾವತಿಯಿಂದ ಕುಷ್ಟಗಿ ಕಡೆ ಬಸ್ಸಿನಲ್ಲಿ ಹೊರಟರೆ ಗೋಡೆಗಳ ಮೇಲೆ ಎರಡು ಥರದ ಜಾಹೀರಾತು ಕಾಣುತ್ತವೆ. ಒಂದು ಸಿಮೆಂಟಿಂದು, ಇನ್ನೊಂದು ಕುಡಿತ ಬಿಡಿಸೋದು. ಎರಡನೆಯದರಲ್ಲಿ ಮೊಬೈಲ್ ನಂಬರಿನ ಜೊತೆಗೆ 'ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ' ಅನ್ನೋ ಥರದ ಮಾತು. ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಲ್ಲುವ ನನಗೆ ಅದನ್ನ ಕಂಡರೆ ಸಿಟ್ಟು ಬರುತ್ತದೆ. ಓದಿದವರು ಕಡೆಗೆ ನಮ್ಮ ಹತ್ರಾನೇ ಬರ್ತಾರಲ್ಲ.

ಹೋದ ತಿಂಗಳು ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಬೆಂಗಳೂರಿನಲ್ಲಿ ಕೆಲಸ, ರಜಕ್ಕೆ ಊರಿಗೆ ಬಂದವಳು. ಮೊಬೈಲಿನಲ್ಲಿ ಗುಳಿಗಿ ಹೆಸರು ತೋರಿಸಿ ದನಿ ಇಳಿಸಿ ಕೇಳಿದಳು: "ಅಣ್ಣಾರ, ಇದು ಒಂದ್ ತಿಂಗಳದ್ದು ಕೊಡ್ರಿ. ನಮ್ಮಪ್ಪಗ ಗೊತ್ತಾಗಬಾರ್ದು, ಅವ್ವ ಸಾರಿನಾಗ ಹಾಕ್ತಾಳ."

"ಡಾಕ್ಟರ್ ಚೀಟಿ ಐತೇನವ್ವಾ?"

"ಇಲ್ರೀ. ಅಪ್ಪ ಡಾಕ್ಟರ್ ಹತ್ರ ಬರಂಗಿಲ್ಲ, ಅದಕ್ಕ ಇದು."

ಗುಳಿಗಿ ಹೆಸರು ಡೈಸಲ್ಫಿರಾಮ್. ಕೊಡಲಿಲ್ಲ. ಯಾಕಂತ ಪೂರ್ತಿ ಹೇಳೋಕೆ ಅವತ್ತಿನ ಗದ್ದಲದಲ್ಲಿ ಆಗಲಿಲ್ಲ, ಇಲ್ಲಿ ಬರೀತೀನಿ.

ನೈಂಟಿ ಒಳಗೆ ಹೋದ ಮೇಲೆ ಲಿವರ್ ಅದನ್ನ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಅಸಿಟಾಲ್ಡಿಹೈಡ್ ಆಗುತ್ತದೆ, ಅದು ವಿಷ. ಎರಡನೇ ಹಂತದಲ್ಲಿ ಅಸಿಟೇಟ್, ವಿನೆಗರ್ ಬಳಗದ್ದು, ಮೇಲ್ನೋಟಕ್ಕೆ ಸಾಧು. ಡೈಸಲ್ಫಿರಾಮ್ ಈ ಎರಡನೇ ಬಾಗಿಲಿಗೆ ಅಗಳಿ ಹಾಕುತ್ತದೆ. ಆಗ ವಿಷ ರಕ್ತದಲ್ಲಿ ಕೂಡಿಕೊಂಡು ಮುಖ ಕೆಂಪಾಗಿ, ಎದೆ ಡವಡವ ಹೊಡೆದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. 1948ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಇದನ್ನ ಕುಡಿತದ ಚಿಕಿತ್ಸೆಗೆ ತಂದರು. ಇಲ್ಲಿ ನಿಜವಾಗಿ ಕೆಲಸ ಮಾಡೋದು 'ಕುಡಿದರೆ ನನಗೆ ಹಿಂಗಾಗ್ತದ' ಅನ್ನೋ ಅಂಜಿಕೆ. ಗೊತ್ತೇ ಇಲ್ಲದ ಮನುಷ್ಯನಿಗೆ ಅಂಜಿಕೆ ಎಲ್ಲಿಂದ ಬರಬೇಕು? ಸಾರು ಉಂಡು ಎಂದಿನಂತೆ ಹೋಗಿ ಕುಡೀತಾನೆ. ಹೃದಯ ಮೊದಲೇ ಸೋತಿದ್ದರೆ ಜೀವಕ್ಕೇ ಬರಬಹುದು. ಗುಳಿಗಿ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಅದರ ಪ್ರಭಾವ ಇರಬಹುದು, ನೆನಪಿರಲಿ.

ಹಂಗಾದ್ರೆ ಅಸಿಟಾಲ್ಡಿಹೈಡ್ ಇಷ್ಟು ಕೆಟ್ಟದ್ದಾಗಿದ್ದೂ ಜನ ಯಾಕೆ ಮತ್ತೆ ಮತ್ತೆ ಕುಡೀತಾರೆ? ಕತೆ ಸ್ವಾರಸ್ಯ ಆಗೋದು ಇಲ್ಲೇ. ಲಿವರಿನಲ್ಲಿ ಹುಟ್ಟಿದ ಅಸಿಟಾಲ್ಡಿಹೈಡ್ ಮಿದುಳಿನೊಳಗೆ ಸುಲಭವಾಗಿ ದಾಟುವುದಿಲ್ಲ, ಕಾವಲು ಗಟ್ಟಿ. ಆದರೆ ಆಲ್ಕೋಹಾಲ್ ಆರಾಮಾಗಿ ದಾಟುತ್ತದೆ. ಒಳಗೆ ಕ್ಯಾಟಲೇಸ್ ಎಂಬ ಕಿಣ್ವ ಅದನ್ನೇ ಹಿಡಿದು ಅಸಿಟಾಲ್ಡಿಹೈಡ್ ಮಾಡುತ್ತದೆ. ಹೊರಗೆ ಶಿಕ್ಷೆ ಕೊಡುವ ಅದೇ ವಸ್ತು ಮಿದುಳಿನ ಖುಷಿಯ ಕೇಂದ್ರದಲ್ಲಿ ಡೋಪಮಿನ್ ಹೆಚ್ಚಿಸಿ ಬಹುಮಾನ ಕೊಡುತ್ತದೆ. ಕುಡುಕ ತಳಿಯ ಇಲಿಗಳಿಗೆ ಆ ಜಾಗದಲ್ಲಿ ಕ್ಯಾಟಲೇಸ್ ಕಡಿಮೆ ಮಾಡಿದಾಗ ಅವು ಕುಡಿಯೋದನ್ನೇ ಬಹುಪಾಲು ಬಿಟ್ಟವು ಎಂದು ಚಿಲಿ ದೇಶದ ವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ಬಹಳ ದಿನ ಕುಡಿದು ರೂಢಿಯಾದ ಇಲಿಗಳಲ್ಲಿ ಅದೇ ಉಪಾಯ ನಡೆಯಲಿಲ್ಲ. ರೂಢಿ ಬೇರೆಲ್ಲೋ ಬೇರು ಬಿಟ್ಟಿತ್ತು.

ಎಲ್ಲಿ? ಒಂದು ಸುಳಿವು ಆ ಸಾಧು ಅಸಿಟೇಟ್‌ನಲ್ಲಿ ಸಿಕ್ಕಿತು. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶೆಲ್ಲಿ ಬರ್ಗರ್ ತಂಡ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದು: ಲಿವರಿನಿಂದ ಬಂದ ಅಸಿಟೇಟ್ ಮಿದುಳು ಸೇರಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೆ ಅಂಟುತ್ತದೆ. ಆಗ ಸುತ್ತು ಸಡಿಲಾಗಿ ಕಲಿಕೆ ಮತ್ತು ನೆನಪಿಗೆ ಬೇಕಾದ ಜೀನ್‌ಗಳು ಚುರುಕಾಗುತ್ತವೆ. ಇಲಿಗಳಿಗೆ ಒಂದು ಕೋಣೆಯಲ್ಲಿ ಮಾತ್ರ ಆಲ್ಕೋಹಾಲ್ ಕೊಟ್ಟರು. ಆಮೇಲೆ ಅವು ಆ ಕೋಣೆಯನ್ನೇ ಹುಡುಕಿ ಹೋಗತೊಡಗಿದವು. ಅಸಿಟೇಟನ್ನು ಅಂಟಲು ಸಿದ್ಧ ಮಾಡುವ ಕಿಣ್ವವನ್ನ ನೆನಪಿನ ಭಾಗದಲ್ಲಿ ಕಡಿಮೆ ಮಾಡಿದಾಗ ಆ ಸೆಳೆತ ಹುಟ್ಟಲೇ ಇಲ್ಲ. ಬಸುರಿ ಇಲಿಯ ಹೊಟ್ಟೆಯಲ್ಲಿದ್ದ ಮರಿಗಳ ಮಿದುಳಿಗೂ ಈ ಅಸಿಟೇಟ್ ತಲುಪಿತ್ತು, ಅದು ಇನ್ನೂ ಸಂಕಟದ ಮಾತು.

ಇದು ಇಲಿಗಳ ಲೆಕ್ಕ, ಮನುಷ್ಯರಿಗೆ ಇದರಿಂದ ಔಷಧಿ ಇನ್ನೂ ಬಂದಿಲ್ಲ. ಆದರೂ ನಮ್ಮ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತಿಗೆ ಇದು ಹತ್ತಿರ ಬರುತ್ತದೆ. "ಎರಡು ತಿಂಗಳು ಬಿಟ್ಟಿದ್ದ, ಪಗಾರ ಆದ ದಿನ ಆ ಸರ್ಕಲ್ ದಾಟೂದ್ರಾಗ ಏನಾತೋ." ಗಂಗಾವತಿಯ ರೈಸ್ ಮಿಲ್ಲಿನ ಹಮಾಲಿಗೂ ಅಷ್ಟೇ, ಬೆಂಗಳೂರಿನ ಶುಕ್ರವಾರದ ಪಾರ್ಟಿಯ ಟೀಮ್ ಲೀಡ್‌ಗೂ ಅಷ್ಟೇ. ಜಾಗ, ಹೊತ್ತು, ಜೊತೆಗಾರ, ಮೂರೂ ಮಿದುಳಿನಲ್ಲಿ ಬರೆದಿರುತ್ತವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು, ಪಾಕೀಟು ಹೋಗಿ ಡಬ್ಬಿ ಬಂತು, ಅಣು ಮಾತ್ರ ಅದೇ. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ಮದ್ಯ ನಿಷೇಧಕ್ಕಾಗಿ ನಡೆದಾಗ 'ಮನೆಯಲ್ಲೇ ಬಿಡಿಸಿಕೊಳ್ಳಿ' ಅಂದವರನ್ನ ನೋಡಿದ್ದೇನೆ. ಅಂಗಡಿ ದಾರಿಯಲ್ಲೇ ಇದ್ದರೆ ಮನೆಯಲ್ಲಿ ಏನು ಬಿಡಿಸೋದು?

ಇನ್ನೊಂದು ಮಾತು. ದಿನಾ ಕುಡಿಯುವವರನ್ನ ಒಮ್ಮೆಲೇ ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸಲು ಹೋಗಬೇಡಿ. ಕೈ ನಡುಗಿ, ಬೆವತು, ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು. ಆಗ ಬೇಕಾದದ್ದು ಆಸ್ಪತ್ರೆ. ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಔಷಧಿಗಳೂ ಇವೆ. ಯಾವುದು ಯಾರಿಗೆ ಅಂತ ಲಿವರ್ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಿ. ಕುಡಿಯುವವರು ಬರಲ್ಲ ಅಂದರೆ ಮನೆಯವರೇ ಮೊದಲು ಹೋಗಿ ಮಾತಾಡಬಹುದು. ಅದೂ ಆಗದಿದ್ದರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೇಳಂಗಿಲ್ಲ.